ಹಿಡಿಮಣ್ಣಿನ ಒಂದು ಸಾಲು

ತಿಪ್ಪಸಂದ್ರ

ಎಪ್ಪತ್ತಾರನೆಯ ವಯಸ್ಸಿನಲ್ಲಿ ಮೊದಲ ಪಾಸ್‌ಪೋರ್ಟು ಮಾಡಿಸಿದವನು ದೇಶ ನೋಡಲು ಹೊರಟಿದ್ದಾನೆಂದು ಊರಿನವರು ತಿಳಿದದ್ದು ಸಹಜ. ನಾನು ಹೊರಟದ್ದು ವಾದ ಮಾಡಲಿಕ್ಕೆ. ನನ್ನ ಅಕ್ಕನ ಮಗ ಶಿವಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಮೇಲೆ ಕೆನಡಾ ದೇಶದ ಪೊಲೀಸರು ಒಂದು ಹಳೆಯ ಕೊಲೆಯನ್ನು ಹೊರಿಸಲು ಸಿದ್ಧರಾಗಿದ್ದರು.

ಅವನ ಹೆಂಡತಿ ಲಕ್ಷ್ಮಮ್ಮ ಅಲ್ಲಿಂದ ಫೋನು ಮಾಡಿದಾಗ ನಾನು ಹಿಪ್ಪುನೇರಳೆ ತೋಟದಲ್ಲಿದ್ದೆ.

“ಮಾವ, ಅವ್ರ ಮೇಲೆ ಕೊಲೆ ಹೊರಿಸ್ತಾವ್ರೆ. ಸತ್ತೋರ್ಗೆ ಬಾಯಿಲ್ಲ. ನಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನೀವಾದ್ರೂ ಬಂದು ಹೇಳಿ.”

“ಶಿವಣ್ಣ ಕೊಂದ ಅಂತ ಅವ್ರಿಗೆ ಯಾರ್ ಹೇಳಿದ್ದು?”

“ಕಾವ್ಯನ್ ಎಂಜಲು ಹೇಳ್ತಂತೆ.”

ಕಾವ್ಯ ನನ್ನ ಮಗಳು. ಅದೇ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು. ತನ್ನ ಪೂರ್ವಿಕರು ಯಾರೆಂದು ತಿಳಿಯುವ ಹುಚ್ಚಿನಲ್ಲಿ ಎಂಜಲನ್ನು ಒಂದು ಕಂಪನಿಗೆ ಕಳಿಸಿದ್ದಳು; ಪೊಲೀಸರೂ ನೋಡಬಹುದೆಂದು ಒಪ್ಪಿಗೆ ಕೊಟ್ಟಿದ್ದಳು. ವಂಶದ ಚರಿತ್ರೆಯನ್ನು ನಾನೇ ಬರೆದು, ಅಚ್ಚು ಹಾಕಿಸಿ, ನೆಂಟರಿಷ್ಟರಿಗೆಲ್ಲ ಹಂಚಿರುವಾಗ ಅವಳಿಗೆ ಇನ್ನೇನು ಬೇಕಿತ್ತೋ ತಿಳಿಯದು.

ಹಿಂದಿನ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ತಮ್ಮ ರಂಗಸ್ವಾಮಿ ಮತ್ತು ಶಿವಣ್ಣ ಸಂಬಂಧದಲ್ಲಿ ಸೋದರಮಾವ, ಅಳಿಯ. ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದೇ. ಇಬ್ಬರೂ ಕನಕಪುರದ ಕಲ್ಲಿನ ಕ್ವಾರಿಗಳಲ್ಲಿ ಕೆತ್ತನೆ ಕಲಿತರು. ನಲವತ್ತು ವರ್ಷಗಳ ಹಿಂದೆ, ಗೋರಿಕಲ್ಲು ಕೆತ್ತುವ ಒಂದು ಕಾರ್ಖಾನೆಯವರು ಕರೆಸಿಕೊಂಡದ್ದರಿಂದ ಕೆನಡಾಕ್ಕೆ ಹೋದರು. ನಮ್ಮ ತಂದೆ ತೀರಿಕೊಂಡಾಗ ರಂಗಸ್ವಾಮಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಹಿಪ್ಪುನೇರಳೆ ಬೆಳೆದು, ರೇಷ್ಮೆ ಸಾಕಿ, ಆರು ವರ್ಷಗಳ ಹಿಂದೆ ಒಳ್ಳೆಯ ಹೆಸರಿನಲ್ಲಿ ಕಣ್ಮುಚ್ಚಿದ. ಶಿವಣ್ಣ ಅಲ್ಲಿಯೇ ಉಳಿದ. ಅವನಿಗೆ ಮಕ್ಕಳಿಲ್ಲ, ಅವನನ್ನು ಅಲ್ಲಿಯೇ ಸುಟ್ಟರು.

ನಮ್ಮ ತಂದೆ ಹೋದ ಆ ಚಳಿಗಾಲದಲ್ಲಿಯೇ ಅಲ್ಲಿ, ಕಾರ್ಖಾನೆಯಿಂದ ಎರಡು ಬೀದಿ ಆಚೆ, ಒಂಟಿಯಾಗಿದ್ದ ವಿಧವೆಯೊಬ್ಬಳ ಅಡುಗೆಮನೆಯ ಕಿಟಕಿ ಒಡೆದು ಯಾರೋ ಒಳನುಗ್ಗಿದ್ದರು. ಬೆಳಗಾದಾಗ ಆಕೆ ಮೆಟ್ಟಿಲ ಬುಡದಲ್ಲಿ ಸತ್ತುಬಿದ್ದಿದ್ದಳು. ನುಗ್ಗಿದವನ ರಕ್ತ ಅಂಟಿದ ಗಾಜಿನ ಚೂರೊಂದನ್ನು ಪೊಲೀಸರು ಇಷ್ಟು ಕಾಲ ಜೋಪಾನ ಮಾಡಿದ್ದರು. ಆ ರಕ್ತಕ್ಕೂ ಕಾವ್ಯಳ ಎಂಜಲಿಗೂ ನೆಂಟಸ್ತಿಕೆ ಕಂಡಿತ್ತು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆದರೂ ನಮ್ಮೂರ ಕೆರೆಯನ್ನು ಕಟ್ಟಿಸಿದವರು ಯಾರೆಂದು ಎಲ್ಲರೂ ನಂಬಿದ್ದ ಕತೆಯನ್ನು, ಕೋಡಿಯ ಕಲ್ಲಿನ ಮೇಲಿನ ಬರಹವನ್ನು ಓದಿ ಸುಳ್ಳೆಂದು ತೋರಿಸಿದ್ದೇನೆ. ಪೊಲೀಸರ ಕತೆಯನ್ನೂ ಹಾಗೆಯೇ ಓದಿನೋಡೋಣ ಎಂದುಕೊಂಡು ವಿಮಾನ ಹತ್ತಿದೆ.

ಸುಂಕದ ಕಟ್ಟೆ

ಕೆನಡಾದ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ನನ್ನ ಚೀಲದಿಂದ ರಾಗಿ ಹುರಿಟ್ಟಿನ ಪೊಟ್ಟಣವನ್ನು ಎರಡೇ ಬೆರಳಲ್ಲಿ ಮೇಲೆತ್ತಿದ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎಷ್ಟೋ ವರ್ಷ ಇಂಗ್ಲಿಷ್ ಪತ್ರಿಕೆ ಓದಿದವನು ನಾನು. ಆದರೆ ಆ ಭಾಷೆಯನ್ನು ಯಾರ ಮುಂದೆಯೂ ಆಡಿರಲಿಲ್ಲವೆಂಬುದು ಆ ಗಳಿಗೆಯಲ್ಲಿಯೇ ನೆನಪಾಯಿತು. ಮೂರು ಸಲ ವಿವರಿಸಿದೆ. ಆತ ಮೂರು ಸಲ ಕ್ಷಮೆ ಕೇಳಿದ. ಕೊನೆಗೆ ತಿನ್ನುವ ಪದಾರ್ಥವೆಂದು ತೋರಿಸಲು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಒಣಹಿಟ್ಟು ಗಂಟಲಿಗೆ ಹತ್ತಿ, ಕೆಮ್ಮು ಬಂದು, ಆತನ ಕರಿಯ ಸಮವಸ್ತ್ರದ ತುಂಬ ಕಂದು ಧೂಳು ಕವಿಯಿತು. ಇನ್ನು ಸೆರೆಮನೆಯೇ ಎಂದು ನಿಂತೆ. ಆತ ಓಡಿಹೋಗಿ ನೀರು ತಂದ. ನಮ್ಮ ಕಚೇರಿಗಳಲ್ಲಿ ಮೊದಲು ಬೈಗುಳ, ಆಮೇಲೆ ನೀರು. ಇಲ್ಲಿ ಬೈಗುಳ ಬರಲೇ ಇಲ್ಲ. ಪೊಟ್ಟಣವನ್ನು ಮಾತ್ರ ಇಟ್ಟುಕೊಂಡ.

“ಏನಪ್ಪಾ, ಮೀಸೆ ತುಂಬಾ ಹಿಟ್ಟು?” ಎಂದಳು ಹೊರಗೆ ಕಾದಿದ್ದ ಕಾವ್ಯ. ನಗಲು ನೋಡಿದಳು, ಆಗಲಿಲ್ಲ. ಕಾರಿನಲ್ಲಿ ಕುಳಿತಮೇಲೆ, “ನನ್ನಿಂದಾನೇ ಅಲ್ವಾ ಇದೆಲ್ಲ,” ಎಂದಳು.

“ನಿನ್ನಿಂದ ಅಲ್ಲ, ಅವರ ತಪ್ಪು ಲೆಕ್ಕದಿಂದ,” ಎಂದೆ. ಆಗ ನನಗೆ ಅಷ್ಟು ಖಚಿತವಿತ್ತು.

ಸರೋವರದ ದಂಡೆಯ ಊರು

ಕಡಲಿನಂಥ ಒಂದು ಸರೋವರದ ಅಂಚಿಗೆ ಊರು. ಆಚೆಯ ದಡ ಕಾಣದು. ಲಕ್ಷ್ಮಮ್ಮನ ಬೀದಿಯಲ್ಲಿ ಬೇಲಿಯ ಗೂಟವೊಂದರ ಮೇಲೆ ಒಂಟಿ ಕೈಗವಸು ಕೂತಿತ್ತು. ಯಾರದೋ ಬಿದ್ದುಹೋದದ್ದನ್ನು ಇನ್ಯಾರೋ ಎತ್ತಿಟ್ಟದ್ದಂತೆ. ಕಳೆದುಕೊಂಡವರು ಬಂದಾಗ ಕಾಣಲಿ ಎಂದು. ನಮ್ಮಲ್ಲಾಗಿದ್ದರೆ ಸಿಕ್ಕವನು ಮೂರು ಬೀದಿ ಕೂಗಿ, ಯಾರದೆಂದು ಪತ್ತೆಹಚ್ಚಿ, ಅವರ ಮನೆಯಲ್ಲಿ ಕಾಫಿ ಕುಡಿದು ಬರುತ್ತಿದ್ದ. ಇಲ್ಲಿಯ ರೀತಿಯಲ್ಲಿ ಉಪಕಾರವಿದೆ, ಉಪಕಾರಿಯ ಮುಖವಿಲ್ಲ. ಯಾವುದು ಮೇಲೆಂದು ಹೇಳಲಾರೆ. ಆದರೆ ಹೀಗೆ ಮಾತಿಲ್ಲದೆ ಸಹಾಯ ಮಾಡುವ ಜನ ಮಾತಿಲ್ಲದೆ ದೂರವೂ ಆಗಬಲ್ಲರೆಂದು ಲಕ್ಷ್ಮಮ್ಮನ ಮನೆಯಲ್ಲಿ ತಿಳಿಯಿತು.

“ಪಕ್ಕದ್ ಮನೆಯಾಕೆ ಇಪ್ಪತ್ತು ವರ್ಷದಿಂದ ಬಾಗಿಲ ಮುಂದಿನ್ ಮಂಜು ಗೋರೋಳು ಮಾವ. ಈಗ್ಲೂ ಗೋರ್ತಾಳೆ. ಮುಖ ಮಾತ್ರ ನೋಡಲ್ಲ,” ಎಂದಳು. ವಾರವಾರ ಭಜನೆಗೆ ಸೇರುತ್ತಿದ್ದ ನಮ್ಮವರೇ ನಾಲ್ಕು ಮನೆಯ ಹೆಂಗಸರು, ಚಳಿ ಹೆಚ್ಚೆಂಬ ನೆಪ ಹೇಳಿ ಬರುವುದನ್ನು ನಿಲ್ಲಿಸಿದ್ದರು. ಆ ಊರಿನಲ್ಲಿ ಚಳಿ ಎಂಬುದು ಹೊಸ ಸಂಗತಿಯೇನೂ ಅಲ್ಲ.

ಠಾಣೆ, ಮಂಗಳವಾರ

ವಂಶ ಹೇಳುವ ಹೆಳವರು ನಮ್ಮ ಕಡೆ ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬರುತ್ತಿದ್ದರು. ಮನೆಯ ಮುಂದೆ ನಿಂತು, ತಲೆಮಾರುಗಳ ಹೆಸರು ಹೇಳಿ, ರಾಗಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಯಾರ ಮನೆಯ ಮುಂದೆ ನಿಂತರೂ ಅವರ ಹಿರಿಯರೆಲ್ಲ ಶೂರರು, ದಾನಿಗಳು. ಕೆಟ್ಟವನೊಬ್ಬನೂ ಹುಟ್ಟಲಿಲ್ಲವೇ ಎಂದು ಚಿಕ್ಕಂದಿನಲ್ಲಿ ಹೆಳವನನ್ನು ಕೇಳಿ ಅಪ್ಪನಿಂದ ಏಟು ತಿಂದಿದ್ದೆ. ಕೆನಡಾದ ಪೊಲೀಸರ ಹೆಳವತಿ ಮಂಜಿನಲ್ಲಿ ಸೈಕಲ್ಲು ತುಳಿದುಕೊಂಡು ಬಂದಳು. ಹೆಸರು ರೂತ್. ಗ್ರಂಥಾಲಯದಿಂದ ನಿವೃತ್ತಳಾದ, ನನ್ನಷ್ಟೇ ನರೆತ ಹೆಂಗಸು. ಹೊಗಳುವ ಅಭ್ಯಾಸ ಇರಲಿಲ್ಲ.

ಮೇಜಿನ ಒಂದು ಬದಿಗೆ ಆಕೆ, ತನಿಖೆಯ ಅಧಿಕಾರಿ; ಇನ್ನೊಂದು ಬದಿಗೆ ನಾನು. ನಡುವೆ ಕಾವ್ಯ, ಎರಡೂ ಕಡೆಯ ಮಾತನ್ನು ಹೊತ್ತುಹಾಕುತ್ತ.

“ಅಪ್ಪಾ, ನಂಗೂ ಆ ರಕ್ತಕ್ಕೂ ಎಂಟರಲ್ಲಿ ಮೂರು ಪಾಲು ಹೊಂದ್ತದಂತೆ. ಬರೀ ಸೋದರಮಾವ ಆಗಿದ್ರೆ ನಾಕರಲ್ಲಿ ಒಂದು ಹೊಂದಬೇಕಿತ್ತಂತೆ.”

ಇದಕ್ಕಾಗಿಯೇ ನಾನು ಕಾದಿದ್ದೆ. “ಹೇಳವ್ವ ಅವ್ರಿಗೆ, ನಮ್ಮ ಕಡೆ ಅಕ್ಕನ ಮಗಳನ್ನ ಮದುವೆ ಆಗೋದು ಐತೆ. ನಾನೇ ಆಗಿವ್ನಿ. ನಿಮ್ಮವ್ವ ನನ್ನ ಅಕ್ಕನ ಮಗಳು, ಶಿವಣ್ಣನ ತಂಗಿ. ಇವ್ರ ಲೆಕ್ಕ ನಮ್ಮ ಮನೇಲಿ ನಡೆಯಕ್ಕಿಲ್ಲ ಅನ್ನು.”

ಕಾಗದ ಕೇಳಿ ಪಡೆದು ಗೆರೆ ಎಳೆದೆ. ಶಿವಣ್ಣ ಕಾವ್ಯಳಿಗೆ ತಾಯಿಯ ಕಡೆಯಿಂದ ಸೋದರಮಾವ; ಅದು ನಾಲ್ಕರಲ್ಲಿ ಒಂದು. ತಂದೆಯಾದ ನನ್ನ ಕಡೆಯಿಂದ ಅತ್ತೆಯ ಮಗ. ಅದು ಎಂಟರಲ್ಲಿ ಒಂದು. ಕೂಡಿದರೆ ಎಂಟರಲ್ಲಿ ಮೂರು. ಆದರೆ ನನ್ನ ತಮ್ಮನನ್ನು ತೆಗೆದುಕೊಂಡರೂ ಹಾಗೆಯೇ: ನನ್ನ ಕಡೆಯಿಂದ ಚಿಕ್ಕಪ್ಪ, ತಾಯಿಯ ಕಡೆಯಿಂದ ಅಜ್ಜಿಯ ತಮ್ಮ. ಅಲ್ಲಿಯೂ ಮೊತ್ತ ಎಂಟರಲ್ಲಿ ಮೂರೇ. ನಮ್ಮಂಥ ಮನೆಗಳಲ್ಲಿ ರಕ್ತ ಇಬ್ಬರ ಕಡೆಗೂ ಒಂದೇ ಸಮನೆ ಕೈ ತೋರಿಸುವಾಗ ಶಿವಣ್ಣನನ್ನೇ ಹಿಡಿದದ್ದು ಹೇಗೆ? ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟೆ.

ರೂತ್ ನಸುನಕ್ಕು ತನ್ನ ಕಡತದಿಂದ ಒಂದು ಹಾಳೆ ತೆಗೆದಳು. ನಾನು ಎಳೆದ ಗೆರೆಗಳೇ ಅದರಲ್ಲಿದ್ದವು, ಎರಡು ಬಣ್ಣಗಳಲ್ಲಿ, ನನ್ನದಕ್ಕಿಂತ ನೇರವಾಗಿ.

“ಗೊತ್ತಂತೆ ಅಪ್ಪ,” ಎಂದಳು ಕಾವ್ಯ. “ಗಂಡಸಿನ ರಕ್ತದಲ್ಲಿ ಅಪ್ಪನಿಂದ ಮಗಂಗೆ ಬರೋ ಗುರುತು ಒಂದೈತಂತೆ. ನಿಂದೂ ಚಿಕ್ಕಪ್ಪಂದೂ ಒಂದೇ ಇರ್ತದೆ. ಮಾವಂದು ಬೇರೆ, ಅವ್ರಪ್ಪಂದು. ನೀನು ಇಷ್ಟಪಟ್ರೆ ಎಂಜಲು ಕೊಡಬೋದಂತೆ. ಬಲವಂತ ಇಲ್ಲ.”

“ಕೊಡ್ತೀನಿ. ನನಗೇನು ಭಯ?”

ಪ್ರಯೋಗಾಲಯದ ಹೆಂಗಸು ಕೊಟ್ಟ ಕೊಳವೆಗೆ ಉಗಿದೆ. ಆಕೆ ಅದನ್ನು ಬೆಳಕಿಗೆ ಹಿಡಿದವಳೇ ಚೀರಿ, ನನ್ನ ದವಡೆ ಹಿಡಿದು, ವೈದ್ಯರನ್ನು ಕರೆಯಲು ಕೂಗಿದಳು. ಕೊಳವೆಯ ತುಂಬ ಕೆಂಪು.

“ಅಪ್ಪಾ! ಎಲೆಅಡಿಕೆ ಹಾಕ್ಕೊಂಡ್ ಬಂದ್ಯಾ? ಅರ್ಧ ಗಂಟೆ ಏನೂ ತಿನ್ನಬ್ಯಾಡ ಅಂತ ಬಡ್ಕೊಂಡಿದ್ನಲ್ಲ!”

“ತಿಂಡಿ ತಿನ್ನಬ್ಯಾಡ ಅಂದೆ. ಎಲೆಅಡಿಕೆ ತಿಂಡಿ ಎಂಗಾಯ್ತದೆ?”

ವಿಷಯ ತಿಳಿದಮೇಲೆ ಠಾಣೆಗೆ ಠಾಣೆಯೇ ನಕ್ಕಿತು. ಬಾಯಿ ಶುದ್ಧಮಾಡಿಕೊಂಡು ಗುರುವಾರ ಬರಬೇಕೆಂದಾಯಿತು. ಆ ನಗೆಯ ನಡುವೆಯೇ ನಾನು ಕೋಟು ಹಾಕಿಕೊಳ್ಳುತ್ತಿದ್ದೆ. ಆಗ ರೂತ್ ನನ್ನ ಮುಂದೆ ಒಂದು ಪುಸ್ತಕ ತೆರೆದಿಟ್ಟಳು. ನಾನು ಬರೆದ ವಂಶಚರಿತ್ರೆ. ಕಾವ್ಯ ಕೊಟ್ಟಿದ್ದಳಂತೆ; ಅವರು ಇಂಗ್ಲಿಷಿಗೆ ಮಾಡಿಸಿ ಓದಿದ್ದರು. ಒಂದು ಸಾಲಿನ ಪಕ್ಕದಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿತ್ತು:

“ಕಿರಿಯ ಮಗನಾದ ರಂಗಸ್ವಾಮಿಯು ತಂತಿ ತಲುಪುವ ಮೊದಲೇ ಊರಿಗೆ ಬಂದಿದ್ದು, ತಂದೆಯ ಮಣ್ಣಿನ ದಿನ ತನ್ನ ಕೈಯಿಂದಲೇ ಹಿಡಿಮಣ್ಣು ಹಾಕಿದನು.”

ಅದರ ಮೂರನೆಯ ದಿನ ಇಲ್ಲಿ ಆ ಕಿಟಕಿ ಒಡೆದಿತ್ತು. ಆ ಕಾಲದ ಪ್ರಯಾಣದ ದಾಖಲೆಗಳು ಉಳಿದಿಲ್ಲ. ಹಿಡಿಮಣ್ಣು ಹಾಕಿದವನು ಇಲ್ಲಿರಲು ಸಾಧ್ಯವಿಲ್ಲವಾದ್ದರಿಂದ ಉಳಿದವನು ಶಿವಣ್ಣನೊಬ್ಬನೇ. ಅವರಿಗೆ ದಾರಿ ತೋರಿಸಿದ್ದು ನನ್ನ ಪುಸ್ತಕ.

“ಈ ಸಾಲು ನಿಜಾನಾ ಅಂತ ಕೇಳ್ತಾವ್ರೆ ಅಪ್ಪ.”

“ಅಚ್ಚಾಗೈತಲ್ಲ,” ಎಂದೆ.

ಜೀವಮಾನವಿಡೀ ಇತರರ ಬಾಯಲ್ಲಿ ಕೇಳಿ ನಾನು ಸಿಡುಕುತ್ತಿದ್ದ ಉತ್ತರ ಅದು.

ಬುಧವಾರ

ಆ ಸಾಲು ನಿಜವಲ್ಲ. ರಂಗಸ್ವಾಮಿ ಮಣ್ಣಿಗೆ ಬರಲಿಲ್ಲ, ತಿಥಿಗೂ ಬರಲಿಲ್ಲ. ಮಣ್ಣಾಗಿ ಇಪ್ಪತ್ತೊಂದನೆಯ ದಿನ ಬಂದ. ಕಿರಿಮಗ ಹಿಡಿಮಣ್ಣು ಹಾಕಲಿಲ್ಲವೆಂದು ನಾಲ್ಕು ಜನ ಆಡಿಕೊಳ್ಳಬಾರದೆಂದು ನಮ್ಮವ್ವ, ಬಂದಿದ್ದ ಎಂದು ಹೇಳತೊಡಗಿದಳು. ಕಣ್ಣಾರೆ ಕಂಡವರೂ ಅವಳ ಮುಖ ನೋಡಿ ಹೌದೆಂದರು. ವರ್ಷ ಕಳೆದಂತೆ ಅದೇ ಊರಿನ ನೆನಪಾಯಿತು. ಪುಸ್ತಕ ಬರೆಯುವಾಗ ನಾನು ಎಲ್ಲವನ್ನೂ ಜರಡಿ ಹಿಡಿದೆ, ಇದೊಂದನ್ನು ಬಿಟ್ಟು. ತಮ್ಮನಿಗೆ ಸಲ್ಲಲಿ ಎಂದು ಕೊಟ್ಟ ಸಣ್ಣ ಮರ್ಯಾದೆ. ಹಸ್ತಪ್ರತಿ ತೋರಿಸಿದಾಗ ಅವನು ಆ ಸಾಲಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡಿದ್ದು, “ಇದು ಹಿಂಗೇ ಇರ್ಲಿ ಬುಡಣ್ಣ,” ಎಂದಿದ್ದ. ನಾಚಿಕೆ ಎಂದುಕೊಂಡೆ.

ಅವನು ಬಂದ ದಿನ ಎಡಗೈಗೆ ಬಟ್ಟೆ ಸುತ್ತಿತ್ತು. ಕಲ್ಲು ಕೊಯ್ಯುವ ಯಂತ್ರ ತಗುಲಿತೆಂದ. ಅಂಗೈಯ ಅಡ್ಡಕ್ಕೆ ಉಳಿದ ಆ ಗೆರೆಯನ್ನು ಮೂವತ್ತು ವರ್ಷ ಕಂಡಿದ್ದೆ. ಹುಳುವಿಗೆ ಸೊಪ್ಪು ಹರಡುವಾಗ, ಮುದ್ದೆ ಮುರಿಯುವಾಗ. ಯಂತ್ರ ತಗುಲಿದ ಕೈಯಲ್ಲಿ ಬೆರಳು ಉಳಿಯುವುದು ಅಪರೂಪವೆಂದು ಕನಕಪುರದ ಯಾವ ಕಲ್ಲುಕುಟಿಗನಾದರೂ ಹೇಳಿಯಾನು. ನಾನು ಯಾರನ್ನೂ ಕೇಳಿರಲಿಲ್ಲ.

ಗುರುವಾರ ಠಾಣೆಗೆ ಹೋಗದಿದ್ದರೆ ಯಾರೂ ಬಲವಂತ ಮಾಡುವಂತಿರಲಿಲ್ಲ. ಊರಿನಲ್ಲಿ ರಂಗಸ್ವಾಮಿಯ ಹೆಂಡತಿ ಗಂಗಮ್ಮ, ಮಗ ಮಾದೇಶ, ಮೊಮ್ಮಕ್ಕಳು. ಇಲ್ಲಿ ಶಿವಣ್ಣನಿಗೆ ಹಿಂದುಮುಂದು ಯಾರಿದ್ದಾರೆ, ಲಕ್ಷ್ಮಮ್ಮನೊಬ್ಬಳನ್ನು ಬಿಟ್ಟು? ಹೀಗೆಂದು ನಾನು ತೂಗಿದೆ ಎಂಬುದನ್ನು ಮುಚ್ಚಿಡಲಾರೆ.

ಮಧ್ಯಾಹ್ನ ಲಕ್ಷ್ಮಮ್ಮ ಸೊಪ್ಪು ಸೋಸುತ್ತ ತಲೆಯೆತ್ತದೆ ಮಾತು ತೆಗೆದಳು.

“ಮಾವ, ಒಂದು ಕೇಳ್ಲಾ? ಬೈಯಬ್ಯಾಡಿ.”

“ಕೇಳವ್ವ.”

“ನಾನು ಮದ್ವೆಯಾಗಿ ಇಲ್ಲಿಗೆ ಬರೋ ಹೊತ್ಗೆ ಆ ಮುದುಕಿ ಸತ್ತು ಎಲ್ಡು ವರ್ಷ ಆಗಿತ್ತು. ಆ ಬೀದೀಲಿ ಇವ್ರು ಒಂದು ದಿನಾನೂ ನಡೀಲಿಲ್ಲ. ಸುತ್ತಾಕ್ಕೊಂಡ್ ಹೋಗೋರು. ಯಾಕಂದ್ರೆ ಮಾತೇ ಆಡ್ತಿರ್ಲಿಲ್ಲ.” ಅವಳ ಕೈ ನಿಂತಿತು. “ಪೊಲೀಸ್ನೋರು ಬಂದ್ಮೇಲೆ ನಂಗೂ ಅನುಮಾನ ಬಂದ್ಬುಟ್ಟೈತೆ ಮಾವ. ಒಂದೇ ತಟ್ಟೇಲಿ ಉಂಡೋರ ಮೇಲೆ. ಅವ್ರ ಫೋಟೋ ನೋಡಕ್ಕಾಗ್ತಿಲ್ಲ ನಂಗೆ.”

ಶಿವಣ್ಣ ಆ ಬೀದಿಯನ್ನು ಏಕೆ ಬಿಟ್ಟಿದ್ದನೆಂದು ನನಗೆ ಆಗ ಹೊಳೆಯಿತು. ಸೋದರಮಾವ ಯಾವ ದಿನ ವಿಮಾನ ಹತ್ತಿದನೆಂಬುದನ್ನು ಬಲ್ಲವನು ಅವನೊಬ್ಬನೇ. ತನ್ನನ್ನು ಈ ದೇಶಕ್ಕೆ ಜೊತೆಯಲ್ಲಿ ಕರೆತಂದವನನ್ನು ಕಾಯ್ದುಕೊಂಡು ಅವನು ಸಾಯುವವರೆಗೂ ಬಾಯಿ ಬಿಡಲಿಲ್ಲ. ಅದರ ಕೂಲಿಯಾಗಿ, ಸತ್ತಮೇಲೆ ಹೆಂಡತಿಯ ಮನಸ್ಸಿನಲ್ಲಿ ಕೊಲೆಗಾರನಾಗಿದ್ದ.

“ಅನುಮಾನ ಪಡಬ್ಯಾಡ ಕಣವ್ವ,” ಎಂದೆ. “ನಾಳೆ ಹೋಗ್ತೀನಿ. ಇವತ್ತು ಎಲೆಅಡಿಕೆ ಎತ್ತಿಟ್ಬುಡು.”

ಠಾಣೆ, ಗುರುವಾರ

ಈ ಸಲ ಕೊಳವೆಯಲ್ಲಿ ಬಣ್ಣವಿರಲಿಲ್ಲ. ಉಗಿದುಕೊಟ್ಟ ಮೇಲೆ ಪುಸ್ತಕ ಕೇಳಿ ಪಡೆದೆ. ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: “ಇದು ಸುಳ್ಳು. ಅವನು ಇಪ್ಪತ್ತೊಂದನೆಯ ದಿನ ಬಂದನು. ಎಡಗೈಗೆ ಗಾಯವಾಗಿತ್ತು. ಬರೆದವನು ನಾನೇ, ತಿಳಿದೇ ಬರೆದೆನು.” ಕೆಳಗೆ ರುಜು ಹಾಕಿದೆ. ಕಾವ್ಯ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಮೊದಲ ಮಾತು ಹೇಳಿದವಳೇ ಪುಸ್ತಕ ಮುಚ್ಚಿಬಿಟ್ಟಳು. ಚಿಕ್ಕಪ್ಪನ ಹೆಗಲ ಮೇಲೆ ಬೆಳೆದವಳು. ರೂತ್ ಏನೂ ಕೇಳದೆ ಎದ್ದುಹೋಗಿ ಮೂರು ಲೋಟ ಚಹ ತಂದಳು. ಬಹಳ ಕೆಟ್ಟ ಚಹ. ಮೂವರೂ ಪೂರ್ತಿ ಕುಡಿದೆವು.

ಐದು ವಾರದ ನಂತರ ಉತ್ತರ ಬಂತು. ಗಾಜಿನ ಮೇಲಿನ ರಕ್ತದಲ್ಲಿದ್ದ, ತಂದೆಯಿಂದ ಬರುವ ಗುರುತು ನನ್ನದೇ. ನಾನು ಇದಕ್ಕೆ ಮೊದಲು ಆ ದೇಶಕ್ಕೆ ಕಾಲಿಟ್ಟವನಲ್ಲ. ನನಗೆ ಇದ್ದದ್ದು ಒಬ್ಬನೇ ತಮ್ಮ. ಶಿವಣ್ಣನ ಹೆಸರು ಕಡತದಿಂದ ಹೋಯಿತು.

ಲಕ್ಷ್ಮಮ್ಮ ಸುದ್ದಿ ಕೇಳಿ ಕೈ ಮುಗಿಯಬಹುದು ಎಂದುಕೊಂಡಿದ್ದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತು, “ಅನುಮಾನ ಪಟ್ಬುಟ್ನಲ್ಲ ಮಾವ,” ಎಂದು ಬಿಕ್ಕಿದಳು.

ರಕ್ತ ಹೇಳಿದ್ದು ಯಾರೆಂಬುದನ್ನು ಮಾತ್ರ. ಏಕೆಂಬುದನ್ನು ಅದು ಹೇಳದು. ತಂದೆ ಹೋದನೆಂದು ತಂತಿ ಕೊಟ್ಟವನು ನಾನು. ಅದು ತಲುಪಿದ ಮರುದಿನ ಆ ಕಿಟಕಿ ಒಡೆದಿತ್ತು. ಊರಿಗೆ ಬರುವ ದಾರಿಖರ್ಚು ಅವನ ಕೈಯಲ್ಲಿ ಇತ್ತೋ ಇಲ್ಲವೋ, ಅವನು ನೂಕಿದ್ದಕ್ಕೆ ಆಕೆ ಬಿದ್ದಳೋ ತಾನೇ ಎಡವಿಬಿದ್ದಳೋ, ನನಗೆ ತಿಳಿಯದು. ತಿಳಿದವರಂತೆ ಬರೆಯುವುದನ್ನು ಇನ್ನಾದರೂ ಬಿಡಬೇಕು.

ಸೋಲೂರಿನ ದಾರಿ

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಮಾದೇಶ ಕಾರು ತಂದಿದ್ದ. ನೆಲಮಂಗಲ ದಾಟುವವರೆಗೂ ಅವನದೇ ಮಾತು.

“ದೊಡ್ಡಪ್ಪ, ಅಲ್ಲಿ ಮೂತಿಯೆಲ್ಲಾ ಹೆಪ್ಪುಗಟ್ತದಂತೆ, ನಿಜಾನಾ? ಹೋದ್ ಕೆಲ್ಸ ಆಯ್ತಾ? ಶಿವಣ್ಣನ ಹೆಸರು ಕ್ಲೀನಾಯ್ತಾ?”

“ಆಯ್ತು. ಗಾಡಿ ಪಕ್ಕಕ್ಕಾಕ್ಲಾ.”

“ಒಂದಕ್ಕಾ?”

“ಅಲ್ಲ. ಆಫ್ ಮಾಡು.”

ಸೋಲೂರಿನ ಈಚೆ, ರಾಗಿ ಕೊಯ್ದ ಹೊಲದ ಪಕ್ಕದಲ್ಲಿ ಹೇಳಿದೆ. ಒಂದು ಬಸ್ಸು ಹೋಯಿತು, ಎರಡು ಲಾರಿ ಹೋದವು. ಮಾದೇಶ ಸ್ಟೀರಿಂಗಿನ ಮೇಲಿಟ್ಟ ತನ್ನ ಎಡಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡ.

“ಅವ್ವಂಗೆ ಹೇಳಲೇಬೇಕಾ? ಅಪ್ಪ ಇಲ್ಲ, ಆ ಮುದುಕಿ ಇಲ್ಲ, ಜೈಲಿಲ್ಲ, ಕೋರ್ಟಿಲ್ಲ. ಯಾರ್ಗೇನು ಸಿಕ್ತದೆ ದೊಡ್ಡಪ್ಪ?”

“ನಮ್ಮ ಮನೇದನ್ನ ಲಕ್ಷ್ಮಮ್ಮ ಹೊತ್ಕೊಂಡಿದ್ಲು ಕಣಪ್ಪ, ಒಂಟಿ ಹೆಂಗಸು. ಇನ್ಯಾರಿಂದ್ಲೋ ಗಂಗಮ್ಮನ ಕಿವಿಗೆ ಬೀಳೋದು ಬ್ಯಾಡ. ನಾನೇ ಹೇಳ್ತೀನಿ.”

ಅವನು ಗಾಡಿ ಶುರುಮಾಡಿದ. ಸೋಲೂರು ದಾಟಿದಮೇಲೆ, “ಹಂಗಾದ್ರೆ ಉಂಡ್ಮೇಲೆ ಹೇಳಿ,” ಎಂದ. “ಬೆಳಗ್ಗೆಯಿಂದ ಅವರೆಕಾಳು ಹಿತುಕ್ತಾ ಕುಂತವ್ಳೆ. ಭಾವ ಬತ್ತಾರೆ ಅಂತ.”

ಗಂಗಮ್ಮ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟಳು. ನಾನು ತೆಳ್ಳಗಾಗಿದ್ದೇನೆಂದು ಮಾದೇಶನನ್ನು ಬೈದಳು, ಅವನೇ ನನ್ನನ್ನು ಉಪವಾಸ ಕೆಡವಿದ್ದನೆಂಬಂತೆ. ಒಳಗೆ ಹಿತುಕಿದವರೆಯ ಸಾರು ಕುದಿಯುವ ವಾಸನೆ. ಹೊಟ್ಟೆ ಹಸಿದಿತ್ತು. ಉಂಡು ಹೇಳಬಹುದಿತ್ತು. ಆದರೆ ಅವಳ ಕೈಯ ಮುದ್ದೆಯನ್ನು ಆ ಮಾತು ಬಚ್ಚಿಟ್ಟುಕೊಂಡು ಉಣ್ಣಲು ನನ್ನಿಂದಾಗದು.

“ತಟ್ಟೆ ಹಾಕ್ಲಾ ಭಾವ?”

“ಒಸಿ ಕೂತ್ಕ ಗಂಗಮ್ಮ. ಉಣ್ಣಕ್ಕೆ ಮುಂಚೆ ಒಂದು ಮಾತೈತೆ.”

ಅವಳು ಕುಳಿತಳು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡಲಿಲ್ಲ.